ಹಳೆಯ ಶಿಕ್ಷೆ ಸಾಬೀತು ಮಾಡುವ ಬಗೆ: ಅಭಿಯೋಜಕನ ಅನುಭವ

ಕಳ್ಳತನದ ಕಡತದ ಜೊತೆಗೇ ಠಾಣೆಯಿಂದ ಒಂದು ಮಾತು ಬರುತ್ತದೆ: ‘ಹಳೇ ಕಳ್ಳ ಸಾರ್, ಇವನ ಮೇಲೆ ಹನ್ನೆರಡು ಕೇಸಿವೆ.’ ಹೆಚ್ಚಿನ ಶಿಕ್ಷೆ ಕೇಳಲು ಆ ಹನ್ನೆರಡರಿಂದ ಏನೂ ಉಪಯೋಗವಿಲ್ಲ. ರೌಡಿ ಶೀಟ್, ಎಂಒಬಿ ಕಾರ್ಡ್ (ಕೃತ್ಯದ ಬಗೆಯನ್ನು ಬರೆದಿಡುವ ಪೊಲೀಸ್ ದಾಖಲೆ), ನಡೆಯುತ್ತಿರುವ ಕೇಸು, ಖುಲಾಸೆಯಾದ ಕೇಸು, ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಬೇಕಾದದ್ದು ಎರಡೇ: ಅಪರಾಧಿ ಎಂದು ತೀರ್ಮಾನಿಸಿದ ನ್ಯಾಯಾಲಯದ ಆದೇಶ, ಮತ್ತು ಆ ಆದೇಶದಲ್ಲಿರುವವನೇ ಈಗ ಕಟಕಟೆಯಲ್ಲಿ ನಿಂತಿದ್ದಾನೆ ಎಂಬುದಕ್ಕೆ ಪುರಾವೆ. ಕಾನೂನು ಸಾಲದೆ ಸೋತ ಕೇಸುಗಳಿಗಿಂತ ಈ ಎರಡರಲ್ಲೊಂದು ಇಲ್ಲದೆ ಸೋತವೇ ಹೆಚ್ಚು.

ಕಡತ ಕೈಗೆ ಬಂದಾಗ ನಾನು ಮೊದಲು ನೋಡುವುದು ಕೃತ್ಯದ ದಿನಾಂಕ. ಹೊಸ ಕಾನೂನು ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಹಳೆಯ ಭಾರತೀಯ ದಂಡ ಸಂಹಿತೆಯೇ (ಐಪಿಸಿ) ಅನ್ವಯ, ಹೆಚ್ಚಿನ ಶಿಕ್ಷೆಗೆ ಅಲ್ಲಿರುವುದು ಕಲಂ 75 ಮಾತ್ರ. ಐಪಿಸಿ 379ರಲ್ಲಿ ಎರಡನೇ ಸಲದ ಕಳ್ಳತನಕ್ಕೆ ಪ್ರತ್ಯೇಕ ಶಿಕ್ಷೆ ಇರಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಲಂ 303(2) ಅದನ್ನು ಹೊಸದಾಗಿ ತಂದಿದೆ: ಎರಡನೇ ಅಥವಾ ನಂತರದ ಸಲ ಇದೇ ಕಲಂನಡಿ ಅಪರಾಧಿಯಾದರೆ ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ ಕಠಿಣ ಸಜೆ ಮತ್ತು ದಂಡ. ಹಳೆಯ ಕೃತ್ಯಕ್ಕೆ ಈ ಕನಿಷ್ಠ ಶಿಕ್ಷೆಯನ್ನು ಕೇಳಿದರೆ ಕೃತ್ಯದ ಕಾಲದ ಕಾನೂನಿಗಿಂತ ಹೆಚ್ಚಿನ ಶಿಕ್ಷೆ ಕೂಡದು ಎನ್ನುವ ಸಂವಿಧಾನದ 20(1)ನೇ ವಿಧಿ ಅಡ್ಡ ಬರುತ್ತದೆ.

ಐಪಿಸಿ 75ರ ಜಾಗಕ್ಕೆ ಬಂದಿರುವುದು ನ್ಯಾಯ ಸಂಹಿತೆಯ ಕಲಂ 13. ನಾಣ್ಯ, ನೋಟು, ಸ್ಟಾಂಪುಗಳ ಅಧ್ಯಾಯ 10 ಅಥವಾ ಸ್ವತ್ತಿನ ಅಪರಾಧಗಳ ಅಧ್ಯಾಯ 17ರಲ್ಲಿ ಬರುವ, 3 ವರ್ಷ ಅಥವಾ ಅದಕ್ಕೂ ಹೆಚ್ಚು ಸಜೆ ವಿಧಿಸಬಹುದಾದ ಅಪರಾಧಕ್ಕೆ ಒಮ್ಮೆ ಶಿಕ್ಷೆಯಾದವನು ಮತ್ತೆ ಅಂಥದ್ದನ್ನೇ ಮಾಡಿದರೆ ಜೀವಾವಧಿ ಅಥವಾ 10 ವರ್ಷದವರೆಗೆ ಸಜೆ ಕೊಡಬಹುದು. ಇಲ್ಲಿ ಲೆಕ್ಕಕ್ಕೆ ಬರುವುದು ವಿಧಿಸಬಹುದಾಗಿದ್ದ ಶಿಕ್ಷೆಯೇ ಹೊರತು ವಿಧಿಸಿದ್ದಲ್ಲ. ತಪ್ಪೊಪ್ಪಿಕೊಂಡು, ಜೈಲಿನಲ್ಲಿ ಕಳೆದ ಅವಧಿಯನ್ನೇ ಶಿಕ್ಷೆ ಎನ್ನಿಸಿಕೊಂಡು ಹೊರಬಂದಿದ್ದರೂ ಅದು ಹಿಂದಿನ ಶಿಕ್ಷೆಯೇ. ಆದರೆ ಕಳ್ಳತನದ ಪ್ರಯತ್ನಕ್ಕೆ ಆದ ಶಿಕ್ಷೆ ಸಾಲದು. ಪ್ರಯತ್ನದ ಕಲಂ 62 ಅಧ್ಯಾಯ 17ರಲ್ಲಿಲ್ಲ, ಸಜೆಯ ಮಿತಿಯೂ ಅರ್ಧಕ್ಕೆ ಇಳಿಯುತ್ತದೆ.

ಎರಡರಲ್ಲಿ ಯಾವುದನ್ನು ಹಿಡಿಯಬೇಕು ಎಂಬುದು ಹಳೆಯ ಕೇಸಿನ ಮೇಲೆ ನಿಂತಿದೆ. ಹಿಂದಿನದು ಮನೆಗೆ ಕನ್ನ ಹಾಕಿದ ಕೇಸು, ಈಗಿನದು ಬರೀ ಕಳ್ಳತನ ಎಂದಾದರೆ 303(2)ರ ಎರಡನೇ ಭಾಗ ಹೊಂದುವುದಿಲ್ಲ, ಕಲಂ 13 ಹೊಂದುತ್ತದೆ. ಹಿಂದಿನ ಶಿಕ್ಷೆ ಐಪಿಸಿಯಡಿ ಆಗಿದ್ದರೆ ಆರೋಪಿ ಪರ ವಕೀಲರು ‘ಈ ಸಂಹಿತೆಯ’, ‘ಈ ಕಲಂನಡಿ’ ಎಂಬ ಪದಗಳನ್ನು ಹಿಡಿದು ಆಕ್ಷೇಪಿಸಿಯೇ ತೀರುತ್ತಾರೆ. ಆಕ್ಷೇಪದಲ್ಲಿ ತೂಕವೂ ಇದೆ, ದಂಡನೆಯ ಕಾನೂನನ್ನು ಎಳೆದು ಓದುವಂತಿಲ್ಲ. ನಾನು ನ್ಯಾಯ ಸಂಹಿತೆಯ ಕಲಂ 358(3)ನ್ನು ಮುಂದಿಡುತ್ತೇನೆ: ಹಳೆಯ ಸಂಹಿತೆಯಡಿ ಆದದ್ದು ಹೊಸದರ ಸಂವಾದಿ ಕಲಂನಡಿ ಆದಂತೆ. ಅದರ ಜೊತೆಗೇ, ಅದು ಒಪ್ಪಿಗೆಯಾಗದಿದ್ದರೆ ಸಾಮಾನ್ಯ ಮಿತಿಯೊಳಗೇ ಹಳೆಯ ಶಿಕ್ಷೆಯನ್ನು ಗಮನಿಸಿ ಎಂಬ ಪರ್ಯಾಯ ಕೋರಿಕೆಯನ್ನೂ ಬರೆದುಕೊಡುತ್ತೇನೆ.

ಬಹಳ ಕಡತಗಳು ಮುಗ್ಗರಿಸುವುದು ದಿನಾಂಕಗಳ ಸಾಲಿನಲ್ಲಿ. ಮೊದಲ ಕೇಸಿನ ತೀರ್ಪು ಬಂದ ಮೇಲೆ ಎರಡನೇ ಕೃತ್ಯ ನಡೆದಿರಬೇಕು. ಒಂದೇ ತಿಂಗಳಲ್ಲಿ ಐದು ಬೈಕು ಕದ್ದು, ಐದು ಕೇಸಿನಲ್ಲೂ ಒಂದೊಂದಾಗಿ ಶಿಕ್ಷೆಯಾದರೆ ಕಲಂ 13 ಬಾರದು. ಹಾಳೆಯ ಮೇಲೆ ನಾಲ್ಕು ಕಾಲಂ ಎಳೆಯಿರಿ: ಕೇಸಿನ (ಸಿ.ಸಿ.) ನಂಬರು, ಕೃತ್ಯದ ದಿನ, ತೀರ್ಪಿನ ದಿನ, ಮೇಲ್ಮನವಿಯ ಸ್ಥಿತಿ. ಕೊನೆಯದನ್ನು ನ್ಯಾಯಾಲಯಗಳ ಜಾಲತಾಣವಾದ ಇ-ಕೋರ್ಟ್ಸ್‌ನಲ್ಲಿ ಪ್ರತಿ ಕೇಸಿಗೂ ಕೊಡುವ 16 ಅಕ್ಷರದ ಸಿಎನ್‌ಆರ್ ಸಂಖ್ಯೆ ಹಾಕಿ ಹುಡುಕಬಹುದು. ಮೇಲ್ಮನವಿಯಲ್ಲಿ ರದ್ದಾದ ತೀರ್ಪನ್ನು ಹಾಜರುಪಡಿಸುವಷ್ಟು ಮುಜುಗರ ಬೇರೆ ಇಲ್ಲ.

ದೋಷಾರೋಪದಲ್ಲಿ ಹಿಂದಿನ ಶಿಕ್ಷೆಯ ಸಂಗತಿ, ದಿನಾಂಕ ಮತ್ತು ಸ್ಥಳ ಮೂರೂ ಇರಬೇಕು ಎನ್ನುತ್ತದೆ ವಿಚಾರಣೆಯ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 234(7); ಇಲ್ಲಿಂದ ಮುಂದಿನ ಕಲಂಗಳು, 13 ಬಿಟ್ಟು, ಇದರವೇ. ಬಿಟ್ಟುಹೋಗಿದ್ದರೆ ಶಿಕ್ಷೆ ಹೇಳುವ ಮುನ್ನ ಯಾವಾಗ ಬೇಕಾದರೂ ಸೇರಿಸಲು ಅವಕಾಶವಿದೆ. ಬರೆಯುವುದು ಈಗ, ಓದುವುದು ಆಮೇಲೆ. ದಂಡಾಧಿಕಾರಿ ಮುಂದೆ ನಡೆಯುವ ವಾರಂಟ್ ವಿಚಾರಣೆಯಲ್ಲಿ ಕಲಂ 271(3), ಸೆಷನ್ಸ್‌ನಲ್ಲಿ ಕಲಂ 259ರ ಪ್ರಕಾರ, ಈಗಿನ ಕೇಸಿನಲ್ಲಿ ಅಪರಾಧಿ ಎಂದು ತೀರ್ಮಾನವಾಗುವವರೆಗೆ ಆ ಭಾಗವನ್ನು ಓದುವಂತಿಲ್ಲ, ಸಾಕ್ಷಿಗಳೂ ಅದರ ಬಗ್ಗೆ ಮಾತಾಡುವಂತಿಲ್ಲ. ತನಿಖಾಧಿಕಾರಿ ಮುಖ್ಯ ವಿಚಾರಣೆಯಲ್ಲಿ ಉತ್ಸಾಹದಿಂದ ‘ಇವನು ಮೊದಲೂ ಕದ್ದಿದ್ದ’ ಎಂದುಬಿಟ್ಟರೆ ಮೇಲ್ಮನವಿಗೆ ಒಳ್ಳೆಯ ಅಂಶವೊಂದನ್ನು ನಾವೇ ಕೊಟ್ಟಂತೆ. ಹೇಳಿಕೆಗೆ ನಿಲ್ಲಿಸುವ ಮುಂಚೆಯೇ ಇದನ್ನು ಅವರಿಗೆ ಬಿಡಿಸಿ ಹೇಳಿರಬೇಕು.

ಪುರಾವೆಗೆ ಕಲಂ 334 ಮೂರು ದಾರಿ ಕೊಡುತ್ತದೆ: ಆ ನ್ಯಾಯಾಲಯದ ದಾಖಲೆ ಇಟ್ಟುಕೊಂಡಿರುವ ಅಧಿಕಾರಿ ದೃಢೀಕರಿಸಿದ ನಕಲು, ಸಜೆ ಅನುಭವಿಸಿದ ಜೈಲಿನ ಅಧಿಕಾರಿಯ ಸಹಿ ಇರುವ ಪ್ರಮಾಣಪತ್ರ, ಅಥವಾ ಜೈಲಿಗೆ ಕಳಿಸಿದ ವಾರಂಟು. ತೀರ್ಪಿನ ನಕಲಿಗೆ ಅರ್ಜಿ ಹಾಕುವ ದಿನವೇ ಜೈಲಿಗೂ ಪತ್ರ ಬರೆಯುವುದು ಲೇಸು. ಹಳೆಯ ಕಡತ ದಾಖಲೆ ಕೊಠಡಿಯಲ್ಲಿ ಸಿಗದಿದ್ದರೆ ಜೈಲಿನ ಪ್ರಮಾಣಪತ್ರ ಕೈಹಿಡಿಯುತ್ತದೆ. ಠಾಣೆಯ ರಿಜಿಸ್ಟರಿನ ಜೆರಾಕ್ಸ್ ಈ ಮೂರರಲ್ಲಿ ಯಾವುದೂ ಅಲ್ಲ.

ಕಾಗದವೊಂದೇ ಇದ್ದರೂ ಆಗದು. ಪ್ರತಿಯೊಂದು ದಾರಿಯಲ್ಲೂ ಗುರುತಿನ ಸಾಕ್ಷ್ಯ ಬೇಕೆಂದು ಅದೇ ಕಲಂ ಹೇಳುತ್ತದೆ. ಹೆಸರು, ತಂದೆಯ ಹೆಸರು ಹೊಂದಿದರೆ ಸಾಕು ಎಂದುಕೊಳ್ಳಬೇಡಿ. ಒಂದು ಕೇಸಿನಲ್ಲಿ ಮಂಜ, ಇನ್ನೊಂದರಲ್ಲಿ ಮಂಜುನಾಥ ಅಲಿಯಾಸ್ ಕುಳ್ಳ, ವಯಸ್ಸಿನಲ್ಲಿ ಆರು ವರ್ಷದ ವ್ಯತ್ಯಾಸ ಇರುವುದು ತೀರಾ ಮಾಮೂಲು. ಗಟ್ಟಿಯಾದದ್ದು ಬೆರಳಚ್ಚು: ಹಿಂದಿನ ಶಿಕ್ಷೆಯ ಕಾಲದ ಚೀಟಿಯನ್ನು ಈಗಿನದರ ಜೊತೆ ಹೋಲಿಸಿ ಬೆರಳಚ್ಚು ಬ್ಯೂರೋದಿಂದ ವರದಿ ತರಿಸುವುದು. ನಿರ್ದೇಶಕರ ವರದಿಯನ್ನು ಕಲಂ 329ರಡಿ ಅವರನ್ನು ಕರೆಸದೆಯೂ ಓದಿಕೊಳ್ಳಬಹುದು. ಬೆರಳಚ್ಚು ಇಲ್ಲದಿದ್ದರೆ ಹಿಂದಿನ ಕೇಸಿನ ತನಿಖಾಧಿಕಾರಿಯನ್ನೋ ಜೈಲಿನ ಸಿಬ್ಬಂದಿಯನ್ನೋ ಕರೆಸಿ, ಜೈಲು ರಿಜಿಸ್ಟರಿನಲ್ಲಿರುವ ಮಚ್ಚೆ, ಗಾಯದ ಗುರುತುಗಳನ್ನು ಹೇಳಿಸಬೇಕು. ಆರೋಪಿ ತಾನೇ ಒಪ್ಪಿಕೊಂಡರೆ ಇದ್ಯಾವುದೂ ಬೇಡ. ಆದರೆ ಆ ಒಪ್ಪಿಗೆ ಕೇಸಿನ ನಂಬರು, ದಿನಾಂಕಗಳೊಂದಿಗೆ ದಾಖಲಾಗಲಿ.

ಯಾವ ನ್ಯಾಯಾಲಯ ಎಂಬುದನ್ನು ಆರಂಭದಲ್ಲೇ ಯೋಚಿಸಬೇಕು. ಜೆಎಂಎಫ್‌ಸಿ (ಪ್ರಥಮ ದರ್ಜೆ ದಂಡಾಧಿಕಾರಿ) ನ್ಯಾಯಾಲಯ ವಿಧಿಸಬಲ್ಲದ್ದು 3 ವರ್ಷ, ಮುಖ್ಯ ನ್ಯಾಯಿಕ ದಂಡಾಧಿಕಾರಿ 7 ವರ್ಷ. ತನ್ನ ಮಿತಿಯೊಳಗೆ ತಕ್ಕ ಶಿಕ್ಷೆ ಕೊಡಲಾಗದು ಎನ್ನಿಸಿದರೆ ಕಲಂ 363ರಡಿ ಕೇಸು ಮುಖ್ಯ ದಂಡಾಧಿಕಾರಿಗೋ ಸೆಷನ್ಸ್‌ಗೋ ಹೋಗಬೇಕು. ಈ ಅರ್ಜಿ ಹಾಕಲು ಮರೆತರೆ, ಕೊನೆಗೆ 5 ವರ್ಷ ಕೇಳುವ ಕಲಂ ಕೈಯಲ್ಲಿದ್ದೂ 3 ವರ್ಷದ ಮುಂದೆ ಹೋಗಲಾಗದೆ, ಹೆಚ್ಚಿನ ಶಿಕ್ಷೆಗಾಗಿ ಕೇಸನ್ನು ಮುಖ್ಯ ದಂಡಾಧಿಕಾರಿಗೆ ಕಳಿಸುವ ಕಲಂ 364ರ ದಾರಿ ಹಿಡಿಯಬೇಕಾಗುತ್ತದೆ.

ಶಿಕ್ಷೆಯ ವಿಚಾರಣೆಯ ದಿನ ಗರಿಷ್ಠವನ್ನೇ ಕೇಳುವುದು ನನಗೆ ಸರಿಕಾಣದು. ಕಲಂ 13 ಮೇಲಿನ ಮಿತಿಯನ್ನು ಎತ್ತರಿಸುತ್ತದೆ, ಅಷ್ಟೇ. ಎರಡು ಕೃತ್ಯಗಳ ನಡುವಿನ ಅಂತರ, ಮಾಲಿನ ಬೆಲೆ, ವಸೂಲಾಯಿತೇ, ವಯಸ್ಸು, ಇವನ್ನು ಬರೆದುಕೊಟ್ಟರೆ ಆದೇಶಕ್ಕೆ ಆಧಾರ ಸಿಗುತ್ತದೆ. ಬೇರೆ ಕೇಸಿನ ಸಜೆ ಇನ್ನೂ ನಡೆಯುತ್ತಿದ್ದರೆ ಕಲಂ 467 ನೋಡಿ: ನ್ಯಾಯಾಲಯ ಜೊತೆಜೊತೆಯಾಗಿ ಎಂದು ಹೇಳದಿದ್ದರೆ ಹೊಸ ಸಜೆ ಹಳೆಯದು ಮುಗಿದ ಮೇಲೆ ಶುರುವಾಗುತ್ತದೆ. ಆದೇಶದಲ್ಲಿ ಹೇಳಿದ್ದು ವಾರಂಟಿನಲ್ಲೂ ಬಂದಿದೆಯೇ, ಕಲಂ 468ರ ಸೆಟ್ ಆಫ್ ದಿನಗಳ (ತೀರ್ಪಿಗೆ ಮುಂಚೆ ಜೈಲಿನಲ್ಲಿ ಕಳೆದು, ಸಜೆಯಲ್ಲಿ ಕಡಿತವಾಗುವ ದಿನಗಳ) ಲೆಕ್ಕ ಸರಿಯಿದೆಯೇ ಎಂದು ಆರೋಪಿ ಜೈಲು ವ್ಯಾನ್ ಹತ್ತುವ ಮೊದಲೇ ಬೆಂಚ್ ಕ್ಲರ್ಕ್ ಬಳಿ ಓದಿ ನೋಡಿ. ಜೈಲಿನವರು ಎಣಿಸುವುದು ವಾರಂಟಿನಲ್ಲಿ ಬರೆದದ್ದನ್ನು ಮಾತ್ರ.