ಲಾರಿ ಪಟ್ಟಿಯಿಂದ ಬೋಲೊ ಕತ್ತಿ: ಅಲಗು ಒಂದು ಪಾಲು, ಮರಗೆಲಸ ಮೂರು ಪಾಲು

ತೆಂಗಿನಕಾಯಿ ಸುಲಿಯಲು, ಬಿದಿರು ಕಡಿಯಲು, ಬದುವಿನ ಪೊದೆ ಸವರಲು, ಮೀನು ಸೀಳಲು ಫಿಲಿಪ್ಪೀನ್ಸಿನ ಹಳ್ಳಿಯವರು ಕೈ ಹಾಕುವುದು ಬೋಲೊ ಕತ್ತಿಗೆ. ತಗಾಲೊಗ್ ಮಾತಾಡುವವರು ಅದನ್ನು ಇಟಾಕ್ ಎನ್ನುತ್ತಾರೆ, ವಿಸಾಯಾ ದ್ವೀಪಗಳಲ್ಲಿ ಅದು ಸುಂದಾಂಗ್. 1896ರಲ್ಲಿ ಸ್ಪೇನಿನ ಆಳ್ವಿಕೆಯ ವಿರುದ್ಧ ದಂಗೆ ಎದ್ದವರ ಕೈಯಲ್ಲಿದ್ದುದೂ ಇದೇ ಹೊಲದ ಕತ್ತಿ. ಕಲೂಕನ್ ನಗರದ ಸ್ಮಾರಕದಲ್ಲಿ ಆ ದಂಗೆಯ ನಾಯಕ ಆಂದ್ರೆಸ್ ಬೊನಿಫಾಸಿಯೊ ಇಂದಿಗೂ ಬೋಲೊ ಹಿಡಿದೇ ನಿಂತಿದ್ದಾರೆ.

ಅಲ್ಲಿನ ಕಮ್ಮಾರನಿಗೆ ಪಾಂದಾಯ್ ಎಂದು ಹೆಸರು. ಅವನಿಗೆ ಬೇಕಾದ ಉಕ್ಕು ಗುಜರಿಯಲ್ಲೇ ಸಿಗುತ್ತದೆ: ಹಳೆಯ ಜೀಪ್ನಿ (ಅಲ್ಲಿನ ಪ್ರಯಾಣಿಕರ ವಾಹನ), ಲಾರಿಗಳ ಕಮಾನ್ ಪಟ್ಟಿ. ನಮ್ಮ ಮಲೆನಾಡಿನ ಕುಲುಮೆಗಳಲ್ಲೂ ಕತ್ತಿಗೆ ಅದೇ ಪಟ್ಟಿ. ಹಾಗಾಗಿ ಅಲಗಿನ ಕೆಲಸದಲ್ಲಿ ಕನ್ನಡದ ಕಮ್ಮಾರರಿಗೆ ಕಲಿಯಲು ಹೆಚ್ಚೇನಿಲ್ಲ. ಬೋಲೊ ಬೇರೆಯಾಗಿ ಕಾಣುವುದು ಅದರ ಕೆತ್ತಿದ ಹಿಡಿ ಮತ್ತು ಮರದ ಒರೆಯಿಂದ. ಕತ್ತಿ ಮಾಡಹೊರಟವರು ಬಹಳಷ್ಟು ಮಂದಿ ಅಲಗಿಗೇ ಶ್ರಮವೆಲ್ಲ ಸುರಿದು ಒರೆಯನ್ನು ಒಂದು ಸಂಜೆಯಲ್ಲಿ ಮುಗಿಸಿಬಿಡುತ್ತಾರೆ. ಆಮೇಲೆ ಆ ಒರೆಯೇ ಅಲಗಿನ ಬಾಯಿಯನ್ನು, ಅಂದರೆ ಹರಿತದ ಅಂಚನ್ನು, ತಿನ್ನುತ್ತದೆ.

ಅಳತೆಯಿಂದಲೇ ಶುರುಮಾಡೋಣ. ಅಲಗು 20 ಸೆಂ.ಮೀ. ಇದ್ದರೆ ಮನೆ-ತೋಟದ ಕೆಲಸಕ್ಕೆ ಸಾಕು. ನಮ್ಮ ಶಸ್ತ್ರಾಸ್ತ್ರ ಕಾನೂನಿನಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳಿಗೆ, ಮನೆಬಳಕೆ ಮತ್ತು ಕೃಷಿಯ ಉಪಕರಣಗಳನ್ನು ಬಿಟ್ಟು, ಪರವಾನಗಿಯ ಪ್ರಶ್ನೆ ಬರುತ್ತದೆ. ಅದರೊಳಗೇ ಇದ್ದುಬಿಡುವುದು ಒಳ್ಳೆಯದು. ಬೆನ್ನು ಹಿಡಿಯ ಬಳಿ 5 ಮಿ.ಮೀ., ತುದಿಯತ್ತ 3 ಮಿ.ಮೀ.ಗೆ ಇಳಿಯಲಿ. ಹಿಡಿಯೊಳಗೆ ಕೂರುವ ಬಾಲ 9 ಸೆಂ.ಮೀ. ಉದ್ದವಿರಲಿ, ಚೌಕನಾಗಿ, ತುದಿಗೆ ಹೋದಂತೆ ಸಣ್ಣದಾಗಿ.

ಪಟ್ಟಿಯ ಮೇಲಿನ ಬಣ್ಣವನ್ನೆಲ್ಲ ಉಜ್ಜಿ ತೆಗೆದು ಕುಲುಮೆಗೆ ಹಾಕಿ. ಸತುವಿನ ಲೇಪವಿರುವ ಕಬ್ಬಿಣವನ್ನು ಬೆಂಕಿಯ ಹತ್ತಿರವೂ ತರಬೇಡಿ, ಅದರ ಹೊಗೆ ವಿಷ. ಕಿತ್ತಳೆ ಬಣ್ಣಕ್ಕೆ ಕಾದಾಗ ಬಡಿಯಿರಿ, ಮಂದ ಕೆಂಪಿಗೆ ಇಳಿದ ಕೂಡಲೇ ನಿಲ್ಲಿಸಿ ಮತ್ತೆ ಕಾಯಿಸಿ. ತಣ್ಣಗಾಗುತ್ತಿರುವ ಉಕ್ಕನ್ನು ಬಡಿದರೆ ಬಿರುಕು ಒಳಗೆ ಕೂರುತ್ತದೆ, ಹದ ಕೊಡುವಾಗ (ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡುವಾಗ) ಹೊರಗೆ ಬರುತ್ತದೆ. ವಿಸಾಯಾ ಕಡೆಯ ಅನೇಕ ಕತ್ತಿಗಳಿಗೆ ಇಳಿಜಾರು ಒಂದೇ ಬದಿಗೆ, ಇನ್ನೊಂದು ಬದಿ ಉಳಿಯಂತೆ ಚಪ್ಪಟೆ. ಹರಿತ ಮಾಡುವುದು ಸುಲಭ, ಮರ ಹೆರೆಯುವಾಗ ಸೊಗಸು. ಆದರೆ ಹದದಲ್ಲಿ ಇಂಥ ಅಲಗು ಒಂದು ಕಡೆಗೆ ಬಾಗುವ ಸ್ವಭಾವದ್ದು. ಅದಕ್ಕೇ ಬಾಯಿಯನ್ನು ಮೊದಲೇ ತೆಳ್ಳಗೆ ಮಾಡದೆ 1.5 ಮಿ.ಮೀ. ದಪ್ಪ ಬಿಟ್ಟಿರಬೇಕು.

ಹದ ಕೊಡುವ ಮುಂಚೆಯೇ ಹಿಡಿಗೆ ತೂತು ಮಾಡಿಕೊಳ್ಳಿ. ಈ ಕ್ರಮವನ್ನು ನಾನು ಬಲವಾಗಿ ಹೇಳುತ್ತೇನೆ. ಮರದ ತುಂಡಿಗೆ ಸಣ್ಣ ತೂತು ಕೊರೆದು, ಬಾಲವನ್ನು ಮಂದ ಕೆಂಪಿಗೆ ಕಾಯಿಸಿ ಒಳಗೆ ಒತ್ತಿ, ತಕ್ಷಣ ಹೊರಗೆಳೆಯಿರಿ. ಎರಡು ಮೂರು ಸಲ ಹೀಗೆ ಸುಟ್ಟರೆ ಬಾಲದ ಅಚ್ಚು ಆಕಾರದಲ್ಲೇ ತೂತು ತಯಾರು. ಹದವಾದ ಮೇಲೆ ಇದನ್ನು ಮಾಡಿದರೆ ಬಿಸಿ ಅಲಗಿಗೆ ಹರಿದು ಕೊಟ್ಟ ಹದವೆಲ್ಲ ಹೋಗುತ್ತದೆ.

ಇನ್ನು ಹದ. ಅಲಗನ್ನು ಕಾಯಿಸಿ, ಆಯಸ್ಕಾಂತ ಅಂಟದ ಹಂತಕ್ಕೆ ಬಂದಾಗ ತೆಗೆದು ಗಾಳಿಯಲ್ಲೇ ಆರಲು ಬಿಡಿ. ಮೂರು ಸಲ ಹೀಗೆ ಮಾಡಿದರೆ ಬಡಿತದ ಬಿಗಿ ಸಡಿಲುತ್ತದೆ. ನಾಲ್ಕನೆಯ ಸಲ ಅದಕ್ಕಿಂತ ಸ್ವಲ್ಪ ಹೆಚ್ಚು ಕಾಯಿಸಿ, 50ರಿಂದ 60 ಡಿಗ್ರಿಗೆ ಬೆಚ್ಚಗಾದ ಕಡಲೆಕಾಯಿ ಎಣ್ಣೆಗೆ ಬಾಯಿ ಕೆಳಗಾಗಿ ಅದ್ದಿ. ಬಾಲ ಎಣ್ಣೆಯ ಹೊರಗಿರಲಿ. ಎಣ್ಣೆ ಹೊತ್ತಿಕೊಳ್ಳಬಹುದು, ಪಾತ್ರೆಗೆ ಕಬ್ಬಿಣದ ಮುಚ್ಚಳ ಪಕ್ಕದಲ್ಲೇ ಇರಬೇಕು. ಅರ ಹಾಕಿದರೆ ಕಚ್ಚದೆ ಜಾರಿತೋ, ಹದ ಕೂತಿದೆ ಎಂದು ಅರ್ಥ. ಆದರೆ ಈಗ ಅದು ಗಾಜಿನಷ್ಟು ಪೆಡಸು. ಓವನ್ನಿನಲ್ಲಿ 220 ಡಿಗ್ರಿಯಲ್ಲಿ ಒಂದೊಂದು ಗಂಟೆ ಎರಡು ಸಲ ಇಟ್ಟರೆ ಪೆಡಸು ಇಳಿದು ಗಟ್ಟಿತನ ಉಳಿಯುತ್ತದೆ. ಕೊನೆಗೆ ಸಾಣೆ. ಅಲಗು ಬಿಸಿಯಾಗದಂತೆ ಆಗಾಗ ನೀರಿಗೆ ಅದ್ದುತ್ತಿರಿ.

ಹಿಡಿಯಲ್ಲಿ ಬಾಕುನಾವಾ

ಫಿಲಿಪ್ಪೀನ್ಸಿನವರು ಹಿಡಿಗೆ ನಾರಾ, ಕಾಮಗೊಂಗ್ ಮರ ಬಳಸುತ್ತಾರೆ. ಎಮ್ಮೆಯ ಕೊಂಬೂ ಉಂಟು. ನಾರಾ ನಮ್ಮ ಹೊನ್ನೆಯ ದಾಯಾದಿ, ಕಾಮಗೊಂಗ್ ಕರಿಮರದ ಕುಲದ್ದು. ಹೊನ್ನೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಚೆನ್ನಾಗಿ ಒಣಗಿದ ಹಲಸಿನ ಮರವೂ ಆದೀತು.

ಪನಾಯ್ ದ್ವೀಪದ ಹಳೆಯ ಕತ್ತಿಗಳ ಹಿಡಿಯ ತುದಿಯಲ್ಲಿ ಬಾಯ್ದೆರೆದ ಸರ್ಪವೊಂದು ಕಾಣುತ್ತದೆ. ಅದು ಬಾಕುನಾವಾ, ಚಂದ್ರನನ್ನು ನುಂಗುವ ಕಡಲ ಹಾವು. ಗ್ರಹಣದ ಹೊತ್ತಿನಲ್ಲಿ ಅದು ಚಂದ್ರನನ್ನು ಉಗುಳಲೆಂದು ಜನ ಪಾತ್ರೆ ಬಡಿಯುತ್ತಿದ್ದರಂತೆ. ರಾಹುವಿನ ಕಥೆ ಕೇಳಿ ಬೆಳೆದ ನಮಗೆ ಈ ಹಾವು ಅಪರಿಚಿತವಲ್ಲ. ಅದು ಬರೀ ಅಲಂಕಾರವೂ ಅಲ್ಲ: ಕೆಳಕ್ಕೆ ಬಾಗಿದ ಆ ತಲೆ ಕಿರುಬೆರಳಿಗೆ ತಡೆಯಾಗಿ, ಬೆವರಿದ ಕೈಯಿಂದ ಕತ್ತಿ ಜಾರದಂತೆ ನೋಡಿಕೊಳ್ಳುತ್ತದೆ.

ಕೆತ್ತುವಾಗ ಮರದ ಎಳೆ ನೋಡುವುದೇ ಮುಖ್ಯ. ನೇರ ಎಳೆಯ ತುಂಡಿನಲ್ಲಿ ಬಾಗಿದ ತಲೆ ಕೆತ್ತಿದರೆ ಮೂತಿಯ ಬುಡದಲ್ಲಿ ಎಳೆ ಅಡ್ಡಕ್ಕೆ ಕಡಿದುಹೋಗುತ್ತದೆ, ಕತ್ತಿ ಒಮ್ಮೆ ಕಲ್ಲಿನ ಮೇಲೆ ಬಿದ್ದರೆ ಮೂತಿಯೇ ಹಾರುತ್ತದೆ. ಕೊಂಬೆ ಕವಲೊಡೆಯುವ ಜಾಗದ ತುಂಡು ಆರಿಸಿ, ಅಲ್ಲಿ ಎಳೆ ತಾನೇ ಬಾಗಿರುತ್ತದೆ. ಎರಡೂ ಬದಿಗೆ ಚಿತ್ರ ಬರೆದು ಗರಗಸದಿಂದ ಸುತ್ತಲೂ ಕೊಯ್ದು, ಅರದಿಂದ ಅಂಗೈಗೆ ಕೂರುವಷ್ಟು ದುಂಡು ಮಾಡಿ. ನಡುನಡುವೆ ಹಿಡಿದು ನೋಡುತ್ತಿರಿ. ಬಾಯಿ, ಹಲ್ಲು, ಕಣ್ಣು ಕೊನೆಗೆ, ಸಣ್ಣ ಉಳಿಯಲ್ಲಿ. ಅಂಗೈ ತಾಗುವ ಕಡೆ ಕೆತ್ತನೆ ಬೇಡ, ಬೊಕ್ಕೆ ಬರುತ್ತದೆ.

ಹಿಡಿಯ ಬಾಯಿಗೆ ಹಿತ್ತಾಳೆಯ ಬಳೆ ಬಿಗಿಯಾಗಿ ಏರಿಸಿ, ಮರ ಸೀಳದಂತೆ ಕಾಯುವುದು ಅದೇ. ತೂತಿಗೆ ಕರಗಿಸಿದ ರಾಳ ತುಂಬಿ ಬಾಲವನ್ನು ಕೂರಿಸುವುದು ಅಲ್ಲಿನ ಹಳೆಯ ಪದ್ಧತಿ. ನಮ್ಮಲ್ಲಿ ಅರಗಿಗೆ ನುಣ್ಣನೆಯ ಇಟ್ಟಿಗೆ ಪುಡಿ ಬೆರೆಸಿದರೆ ಅದೇ ಕೆಲಸವಾಗುತ್ತದೆ. ಎಪಾಕ್ಸಿ ಅಂಟು ಇನ್ನೂ ಗಟ್ಟಿ, ಆದರೆ ನಾಳೆ ಹಿಡಿ ಬದಲಿಸಬೇಕಾದರೆ ಅರಗನ್ನು ಬಿಸಿ ಮಾಡಿ ಬಿಡಿಸಬಹುದು. ನನಗೆ ಅರಗೇ ಇಷ್ಟ.

ಒರೆ: ಅವಸರ ಬೇಡವೇ ಬೇಡ

ಹಗುರವಾದ, ಪೂರ್ತಿ ಒಣಗಿದ ಮರದ ಎರಡು ಹಲಗೆ, ತಲಾ 10 ಮಿ.ಮೀ. ದಪ್ಪ. ಹಸಿ ಮರವಾದರೆ ಮೊದಲ ಮಳೆಗಾಲದಲ್ಲೇ ಅಲಗಿಗೆ ತುಕ್ಕು. ಒಂದು ಬದಿ ಚಪ್ಪಟೆಯಾದ ಅಲಗಿನ ಲಾಭ ಇಲ್ಲಿ ತಿಳಿಯುತ್ತದೆ: ಒಂದೇ ಹಲಗೆಯಲ್ಲಿ ಪೂರ್ತಿ ಗುಳಿ ತೋಡಿದರೆ ಸಾಕು, ಇನ್ನೊಂದು ಬರೀ ಮುಚ್ಚಳ. ಅಲಗನ್ನು ಇಟ್ಟು ಸುತ್ತಲೂ ಗೆರೆ ಎಳೆಯಿರಿ. ಬಾಯಿಯ ಕಡೆ ಗೆರೆಯಿಂದ 2 ಮಿ.ಮೀ. ಆಚೆಗೆ ತೋಡಿ, ಹರಿತದ ಅಂಚು ಮರಕ್ಕೆ ತಾಗಲೇಬಾರದು.

ಎಲ್ಲಿ ಬಿಗಿ ಎಂದು ಕಣ್ಣಿಗೆ ಕಾಣುವುದಿಲ್ಲ. ಅಲಗಿಗೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಸವರಿ, ಎರಡೂ ಹಲಗೆ ಕೂಡಿಸಿ ಹಗ್ಗ ಕಟ್ಟಿ, ಒಮ್ಮೆ ಒಳಗೆ ತಳ್ಳಿ ಎಳೆಯಿರಿ. ಬಿಚ್ಚಿದರೆ ಒಳಗೆ ಕಪ್ಪು ಮಚ್ಚೆ. ಆ ಮಚ್ಚೆಯಷ್ಟನ್ನೇ ಹೆರೆದು ಮತ್ತೆ ನೋಡಿ. ಕೊನೆಗೆ ಅಲಗು ತಾಗಬೇಕಾದುದು ಬೆನ್ನಿನುದ್ದಕ್ಕೆ ಮತ್ತು ಒರೆಯ ಬಾಯಿಯ 2 ಸೆಂ.ಮೀ.ನಲ್ಲಿ ಮಾತ್ರ. ಒರೆಯನ್ನು ತಲೆಕೆಳಗು ಹಿಡಿದರೆ ಕತ್ತಿ ಬೀಳಬಾರದು, ಹೆಬ್ಬೆರಳಿನಿಂದ ದೂಡಿದರೆ ಸಲೀಸಾಗಿ ಬರಬೇಕು. ತುದಿಯಲ್ಲಿ ನೀರು ಇಳಿಯಲು ಸಣ್ಣ ತೂತು ಬಿಡಿ.

ಹಲಗೆಗಳನ್ನು ಕೂಡಿಸಲು ಅಂಟಿಗಿಂತ ಬೆತ್ತದ ಕಟ್ಟು ಒಳ್ಳೆಯದು, ಬೇಕಾದಾಗ ಬಿಚ್ಚಿ ಒಳಗೆ ಒರೆಸಬಹುದು. ಬೆತ್ತವನ್ನು ಸೀಳಿ, ತೆಳ್ಳಗೆ ಹೆರೆದು, ರಾತ್ರಿಯಿಡೀ ನೆನೆಸಿ, ಒದ್ದೆಯಿರುವಾಗಲೇ ನಾಲ್ಕೈದು ಕಡೆ ಎಳೆದು ಹೆಣೆಯಿರಿ. ಒಣಗುತ್ತಾ ಅದೇ ಬಿಗಿಯುತ್ತದೆ. ಕಟ್ಟು ಮಾತ್ರ ಹಿಡಿದಿರುವ ಒರೆಯಿಂದ ಕತ್ತಿ ಸೆಳೆಯುವಾಗ ಅಲಗಿನ ಹರಿತದ ಅಂಚು ಇರುವ ಕಡೆಗೆ ಬೆರಳು ಸುತ್ತಬೇಡಿ. ಅಲಗು ವಾಲಿದರೆ ಕಟ್ಟನ್ನೂ ಬೆರಳನ್ನೂ ಒಟ್ಟಿಗೇ ಕೊಯ್ಯುತ್ತದೆ. ಬೆನ್ನಿನ ಕಡೆಯಿಂದ ಹಿಡಿದು, ಬೆನ್ನನ್ನೇ ಮರಕ್ಕೆ ಒತ್ತಿಕೊಂಡು ಎಳೆಯಿರಿ.

ಹಿಡಿಗೂ ಒರೆಯ ಹೊರಮೈಗೂ ಅಗಸೆ ಎಣ್ಣೆ ತಿಕ್ಕಿ, ಒಳಗೆ ಎಣ್ಣೆ ಬೇಡ. ಹಲಸು, ಮಾವು ಕೊಯ್ದ ದಿನ ಸೊನೆಯನ್ನು ತೊಳೆದು ಒರೆಸಿ, ಅಲಗು ಪೂರ್ತಿ ಆರಿದ ಮೇಲೆ ಒರೆಗೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತಿಯನ್ನೂ ಒರೆಯನ್ನೂ ಬೇರೆ ಬೇರೆಯಾಗಿ ತೂಗುಹಾಕುವುದೇ ಸರಿ.