ಆಲ್ಪ್ಸ್‌ನಲ್ಲಿ ಸ್ಕೀ: ಯಾವ ಊರು, ಯಾವ ವಾರ?

ಒಂದು ಕ್ರಿಸ್‌ಮಸ್ ರಜೆಗೆ ಅಕ್ಕನ ಮಕ್ಕಳು ಬೆಂಗಳೂರಿನಿಂದ ಮ್ಯೂನಿಕ್‌ಗೆ ನಮ್ಮ ಮನೆಗೆ ಬಂದಿದ್ದರು. ಹಿಮ ತೋರಿಸೋಣ ಅಂತ ಆಸ್ಟ್ರಿಯಾದ ಒಂದು ಪುಟ್ಟ ಸ್ಕೀ ಊರಿಗೆ ಕರೆದುಕೊಂಡು ಹೋದೆ. ಹೋಗಿ ನೋಡಿದರೆ ಗುಡ್ಡವೆಲ್ಲ ಹಸಿರು. ನಡುವೆ ಯಾರೋ ಸುಣ್ಣ ಬಳಿದ ಹಾಗೆ ಒಂದೇ ಒಂದು ಬಿಳಿ ಪಟ್ಟಿ, ಅದರ ಮೇಲೆ ಊರಿಗೆ ಊರೇ ಜಾರುತ್ತಿತ್ತು. ಚಿಕ್ಕವಳು, "ಮಾಮಾ, ನಮ್ಮ ಫ್ರಿಜ್‌ನಲ್ಲೇ ಇದಕ್ಕಿಂತ ಜಾಸ್ತಿ ಐಸ್ ಇದೆ" ಅಂದಳು.

ತಪ್ಪು ನನ್ನದೇ. ಇಲ್ಲಿರುವ ನಾನು ಶುಕ್ರವಾರ ಹವಾಮಾನ ನೋಡಿ ಶನಿವಾರ ರೈಲು ಹತ್ತಬಹುದು. ಭಾರತದಿಂದ ಬರುವವರಿಗೆ ಆ ಅನುಕೂಲ ಇಲ್ಲ. ವೀಸಾ, ವಿಮಾನ, ಹೋಟೆಲ್ ಎಲ್ಲವೂ ತಿಂಗಳುಗಟ್ಟಲೆ ಮುಂಚೆಯೇ ಆಗಬೇಕು. ಅಷ್ಟು ಮುಂಚೆ ಹಿಮ ಬೀಳುತ್ತದೋ ಇಲ್ಲವೋ ಅಂತ ಯಾರೂ ಹೇಳಲಾರರು. ಆದರೆ ಬಿದ್ದ ಹಿಮ ಯಾವ ಊರಿನಲ್ಲಿ ಉಳಿಯುತ್ತದೆ ಅಂತ ಹೇಳಬಹುದು. ಲೆಕ್ಕ ಶುರುವಾಗಬೇಕಾದ್ದು ಅಲ್ಲಿಂದ.

ಮೊದಲು ಎತ್ತರ ನೋಡಿ

ಪ್ರತಿ ಸ್ಕೀ ಊರಿಗೂ ಎರಡು ಎತ್ತರ. ಒಂದು ಊರಿನದು, ಇನ್ನೊಂದು ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಕೊನೆಯ ಲಿಫ್ಟ್ ಮುಟ್ಟುವ ಜಾಗದ್ದು. ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್ ಸುಮಾರು 760 ಮೀಟರ್‌ನಲ್ಲಿದೆ. ಸ್ವಿಟ್ಜರ್ಲೆಂಡಿನ ಝೆರ್ಮಾಟ್ 1,600 ಮೀಟರ್, ಅದರ ಕೇಬಲ್ ಕಾರ್ 3,883 ಮೀಟರ್‌ವರೆಗೆ ಏರುತ್ತದೆ. ಫ್ರಾನ್ಸಿನ ವಾಲ್ ಥೊರೆನ್ಸ್ ಊರೇ 2,300 ಮೀಟರ್‌ನಲ್ಲಿ ಕೂತಿದೆ. ಪ್ರತಿ ಸಾವಿರ ಮೀಟರ್ ಏರಿದಾಗ ಸುಮಾರು ಆರೂವರೆ ಡಿಗ್ರಿ ತಂಪು ಜಾಸ್ತಿ. ಹಾಗಾಗಿ ಕೆಳಗೆ ಜಡಿಮಳೆ ಸುರಿಯುವಾಗ ಮೇಲೆ ಅದೇ ಮೋಡ ಹಿಮ ಸುರಿಸುತ್ತಿರುತ್ತದೆ.

ಹಿಮದ ಭರವಸೆ ಅಳೆಯಲು ಸ್ವಿಸ್ಸರದ್ದೊಂದು ಹಳೆಯ ಅಳತೆಗೋಲಿದೆ. ಡಿಸೆಂಬರ್ 1ರಿಂದ ಏಪ್ರಿಲ್ 15ರ ಒಳಗೆ ಕನಿಷ್ಠ 100 ದಿನ, ಕನಿಷ್ಠ 30 ಸೆಂಟಿಮೀಟರ್ ಹಿಮ, ಅದೂ ಹತ್ತು ಚಳಿಗಾಲದಲ್ಲಿ ಏಳು ಸಲ. ಹಿಂದೆ 1,200 ಮೀಟರ್ ಮೇಲಿದ್ದರೆ ಈ ಪರೀಕ್ಷೆಯಲ್ಲಿ ಪಾಸ್ ಅನ್ನುತ್ತಿದ್ದರು. ಈಗ 1,500ಕ್ಕಿಂತ ಕೆಳಗಿದ್ದರೆ ನಾನು ಮುಂಗಡ ಕೊಡುವುದಿಲ್ಲ.

ಇಲ್ಲೇ ಹೊಸಬರು ಎಡವುವುದು. ಮೊದಲ ಸಲ ಸ್ಕೀ ಕಟ್ಟಿಕೊಳ್ಳುವವರಿಗೆ 3,883 ಮೀಟರ್ ತಗೊಂಡು ಏನಾಗಬೇಕು? ಅವರು ಮೂರು ದಿನ ಬೀಳುತ್ತಾ ಏಳುತ್ತಾ ಇರುವುದು ಕಲಿಯುವವರ ಇಳಿಜಾರಿನಲ್ಲಿ. ಬಹಳಷ್ಟು ಕಡೆ ಅದು ಊರಿನ ಪಕ್ಕದಲ್ಲೇ, ಎಲ್ಲಕ್ಕಿಂತ ಕೆಳಗೆ ಇರುತ್ತದೆ. ಅಂದರೆ ಹಿಮ ಮೊದಲು ಕರಗುವ ಜಾಗದಲ್ಲಿ. ಸ್ಕೀ ಶಾಲೆಗೆ ಒಂದು ಮೇಲ್ ಹಾಕಿ, "ಕಲಿಯುವವರ ಇಳಿಜಾರು ಎಷ್ಟು ಎತ್ತರದಲ್ಲಿದೆ?" ಅಂತ ಕೇಳಿ. ಝೆರ್ಮಾಟ್‌ನಲ್ಲಿ ಮಕ್ಕಳು ಕಲಿಯುವುದು ಸುನ್ನೆಗ್ಗಾದಲ್ಲಿ, ಸುಮಾರು 2,280 ಮೀಟರ್ ಎತ್ತರದಲ್ಲಿ. ವಾಲ್ ಥೊರೆನ್ಸ್‌ನಲ್ಲಂತೂ ಊರೇ ಅಷ್ಟು ಎತ್ತರ, ಚಿಂತೆ ಇಲ್ಲ.

ಇಳಿಜಾರು ಉತ್ತರಕ್ಕೆ ಮುಖ ಮಾಡಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಬಿಸಿಲು ಕಮ್ಮಿ, ಹಿಮ ಉಳಿಯುತ್ತದೆ.

ಯಂತ್ರದ ಹಿಮ ನಂಬಬಹುದಾ?

ಅರ್ಧ ನಂಬಿ. ಯಂತ್ರ ಮಾಡುವುದು ಇಷ್ಟೇ: ನೀರನ್ನು ಸಣ್ಣ ಹನಿಯಾಗಿ ಚಿಮ್ಮಿಸುತ್ತದೆ, ಹನಿ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತದೆ. ಅದಕ್ಕೆ ಸಾಮಾನ್ಯವಾಗಿ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿನ ಚಳಿ ಬೇಕು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಇನ್ನೂ ಚಳಿ ಬೇಕು. ಹಿಮ ಬೀಳದಿದ್ದರೂ ಚಳಿ ಇದ್ದರೆ ಯಂತ್ರ ಕಾಪಾಡುತ್ತದೆ. ಚಳಿಯೇ ಇಲ್ಲದಿದ್ದರೆ ಸುಮ್ನೆ ನಿಂತಿರುತ್ತದೆ. 2023ರ ಜನವರಿ 1ರಂದು ಸ್ವಿಟ್ಜರ್ಲೆಂಡಿನ ಡೆಲೆಮಾಂಟ್‌ನಲ್ಲಿ ತಾಪಮಾನ 20 ಡಿಗ್ರಿ ದಾಟಿತ್ತು. ಆ ವಾರ ತಗ್ಗಿನ ಎಷ್ಟೋ ಸ್ಕೀ ಊರುಗಳು ಲಿಫ್ಟ್ ನಿಲ್ಲಿಸಿದವು.

ಇನ್ನು ವಾರ ಆರಿಸಿ

ಕ್ರಿಸ್‌ಮಸ್ ವಾರ ಬೇಡ. ಹಿಮ ಇನ್ನೂ ಜೂಜು, ದರ ಮಾತ್ರ ಆಕಾಶದಲ್ಲಿ. ಜನವರಿ ಎರಡನೇ ವಾರದಿಂದ ಜನ ಖಾಲಿ, ಹೋಟೆಲ್ ಅಗ್ಗ, ಹಿಮ ಒಣಗಿದ ರವೆಯ ಹಾಗೆ ಹಗುರ. ಆದರೆ ಸಂಜೆ ಐದಕ್ಕೆಲ್ಲ ಕತ್ತಲು, ಮೈ ಕೊರೆಯುವ ಚಳಿ. ಚಿಕ್ಕ ಮಕ್ಕಳಿದ್ದರೆ ಯೋಚಿಸಿ. ಫೆಬ್ರವರಿಯಲ್ಲಿ ಹಿಮ ಚೆನ್ನ, ಆದರೆ ಫ್ರಾನ್ಸ್ ತನ್ನ ಶಾಲೆಗಳನ್ನು ಮೂರು ವಲಯ ಮಾಡಿ ಸರದಿಯಲ್ಲಿ ರಜೆ ಕೊಡುತ್ತದೆ. ಹಾಗಾಗಿ ನಾಲ್ಕು ವಾರ ಲಿಫ್ಟ್ ಮುಂದೆ ಜಾತ್ರೆ. ಆ ನಡುವೆಯೇ ಬ್ರಿಟಿಷ್ ಶಾಲೆಗಳ ರಜೆಯೂ ಬರುತ್ತದೆ.

ನನ್ನ ಆಯ್ಕೆ ಮಾರ್ಚ್ ಎರಡನೇ ಮತ್ತು ಮೂರನೇ ವಾರ. ಎತ್ತರದ ಜಾಗಗಳಲ್ಲಿ ಇಡೀ ಚಳಿಗಾಲದ ಹಿಮ ಸೇರಿ ದಪ್ಪವಾಗಿರುತ್ತದೆ, ಹಗಲು ಉದ್ದ. ಈಸ್ಟರ್ ಯಾವಾಗ ಅಂತ ಮಾತ್ರ ನೋಡಿಕೊಳ್ಳಿ. ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಾದರೂ ಬೀಳಬಹುದು, ದರ ಅದರ ಹಿಂದೆಯೇ ಓಡುತ್ತದೆ.

ನಮ್ಮ ಮಕ್ಕಳಿಗೆ ಪರೀಕ್ಷೆ ಇರುವುದೂ ಮಾರ್ಚ್‌ನಲ್ಲೇ, ಅಲ್ವಾ! ಏಪ್ರಿಲ್ ರಜೆಯಲ್ಲೇ ಬರುವುದಾದರೆ ತಿಂಗಳು ಮುಗಿಯುವ ಮೊದಲೇ ಬನ್ನಿ, ವಾಲ್ ಥೊರೆನ್ಸ್ ಅಥವಾ ಝೆರ್ಮಾಟ್‌ನಂಥ ಎತ್ತರದ ಊರಿಗೇ ಬನ್ನಿ. ಆಗ ಬೆಳಿಗ್ಗೆ ಎಂಟಕ್ಕೆ ಇಳಿಜಾರು ಗಾಜಿನ ಹಾಗೆ ಗಟ್ಟಿ, ಸ್ಕೀ ಅಂಚು ಕರಕರ ಅನ್ನುತ್ತದೆ. ಹತ್ತರಿಂದ ಹನ್ನೆರಡರವರೆಗೆ ಮೇಲ್ಪದರ ಮಾತ್ರ ಕರಗಿ ಬೆಣ್ಣೆಯ ಹಾಗೆ. ಎರಡು ಗಂಟೆಗೆ ಗೊಜ್ಜು. ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಎತ್ತರದ ಪ್ರವಾಸಿ ತಾಣ ಯುಂಗ್‌ಫ್ರಾವ್‌ಯೋಖ್‌ನಲ್ಲಿ ಹಿಮ ಮುಟ್ಟಬಹುದು, ಫೋಟೊ ತೆಗೆಸಿಕೊಳ್ಳಬಹುದು. ಆದರೆ ಅಷ್ಟರಲ್ಲಿ ಬಹುತೇಕ ಸ್ಕೀ ಊರುಗಳು ಬಾಗಿಲು ಹಾಕಿರುತ್ತವೆ. ದಸರಾ ರಜೆಗೆ ಬರುವವರಿಗೆ ಉಳಿಯುವುದು ಹಿಮನದಿಗಳಷ್ಟೇ. ಆಸ್ಟ್ರಿಯಾದ ಹಿಂಟರ್‌ಟುಕ್ಸ್ ಅದಕ್ಕೆ ಹೆಸರುವಾಸಿ.

ಹೊರಡುವ ಮೊದಲು

ಊರಿನ ವೆಬ್‌ಕ್ಯಾಮ್ ತೆರೆಯಿರಿ. ಮೂಲೆಯಲ್ಲಿರುವ ದಿನಾಂಕ ಇವತ್ತಿನದೇ ಅಂತ ಮೊದಲು ನೋಡಿ. ಆಮೇಲೆ ಜಾರುವ ದಾರಿಯನ್ನಲ್ಲ, ಅದರ ಪಕ್ಕದ ನೆಲ ನೋಡಿ. ಅಲ್ಲಿ ಹುಲ್ಲು ಕಂಡರೆ ನಡುವಿನ ಬಿಳಿ ಯಂತ್ರದ್ದು. ಹಿಮದ ವರದಿಯಲ್ಲಿ ಬೆಟ್ಟದ್ದು, ಕಣಿವೆಯದ್ದು ಅಂತ ಎರಡು ಅಂಕಿ ಇರುತ್ತದೆ. ದೊಡ್ಡದು ಜಾಹೀರಾತಿಗೆ, ಚಿಕ್ಕದು ನಿಮಗೆ. ಒಟ್ಟು ಎಷ್ಟು ಕಿಲೊಮೀಟರ್ ದಾರಿ ಅನ್ನುವುದಕ್ಕಿಂತ ಇವತ್ತು ಎಷ್ಟು ತೆರೆದಿದೆ ಅನ್ನುವುದನ್ನು ನೋಡಿ.

ಈ ದೇಶಗಳಿಗೆಲ್ಲ ಒಂದೇ ಆದ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಹೋಟೆಲ್ ಮಾತ್ರ ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥದ್ದೇ ಹಿಡಿಯಿರಿ. ವೀಸಾಕ್ಕೆ ಅಂತ ಮಾಡಿಸಿದ 30,000 ಯೂರೊ ವಿಮೆಯ ಕಾಗದವನ್ನು ಪೂರ್ತಿ ಓದಿ. ಎಷ್ಟೋ ವಿಮೆಗಳಲ್ಲಿ ಸ್ಕೀ ಸೇರಿರುವುದಿಲ್ಲ. ಕಾಲು ಮುರಿದು ಹೆಲಿಕಾಪ್ಟರ್ ಬಂದರೆ ಅದರ ಬಿಲ್ ನಿಮ್ಮ ಹೆಸರಿಗೇ ಬರುತ್ತದೆ.