ಕನ್ನಡಕ್ಕೆ ಪುಟ್ಟ ಗ್ರಾಮರ್ ಬರೆಯುವವರಿಗೆ

ಎನ್‌ಎಲ್‌ಟಿಕೆಯಲ್ಲಿ (ಭಾಷೆಯನ್ನು ಸಂಸ್ಕರಿಸುವ ಪೈಥಾನ್ ಲೈಬ್ರರಿ) ಕನ್ನಡ ವಾಕ್ಯಗಳಿಗೆ ಗ್ರಾಮರ್, ಅಂದರೆ ಕಂಪ್ಯೂಟರ್ ವಾಕ್ಯ ಬಿಡಿಸಲು ಬಳಸುವ ನಿಯಮಗಳನ್ನು, ಬರೆಯುತ್ತಿದ್ದೀರಾ? ‘ಹುಡುಗ ಬಂದನು’, ‘ಹುಡುಗಿ ಬಂದಳು’, ‘ಮಕ್ಕಳು ಬಂದರು’ ಅಂತ ಒಂದೊಂದಕ್ಕೂ ಬೇರೆ ನಿಯಮ ಬರೆಯಬೇಡಿ. ಬೇಗನೇ ಅದು ಕಾಡಾಗುತ್ತದೆ. ಲಿಂಗ, ವಚನ, ಪುರುಷಗಳನ್ನು ಫೀಚರ್ (ಪದಕ್ಕೆ ಅಂಟಿಸುವ ಗುಣ) ಆಗಿ ಕೊಡಿ. ಕರ್ತೃವಿಗೂ ಕ್ರಿಯಾಪದಕ್ಕೂ ಅದೇ ವೇರಿಯಬಲ್‌ಗಳನ್ನು (ಆ ಗುಣಗಳ ಬೆಲೆ ತುಂಬುವ ಖಾಲಿ ಜಾಗಗಳನ್ನು) ಇಟ್ಟರೆ ಒಂದೇ ನಿಯಮ ಸಾಕು. ‘ಹುಡುಗಿ ಬಂದನು’ ತಾನಾಗಿಯೇ ಬಿದ್ದುಹೋಗುತ್ತದೆ. ಇಂಥ ತಪ್ಪು ವಾಕ್ಯಗಳನ್ನೂ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ನಿಯಮ ಬದಲಿಸಿದಾಗಲೆಲ್ಲ ಓಡಿಸಿ ನೋಡಿ. ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಇನ್ನೊಂದು ವಿಷಯ. ‘ರಾಮನನ್ನು ಸೀತೆ ನೋಡಿದಳು’ ಅಂತಲೂ ನಾವು ಹೇಳುತ್ತೇವೆ, ಅಲ್ವಾ? ಹಾಗಾಗಿ ಕರ್ತೃವನ್ನು ಜಾಗ ನೋಡಿ ಗುರುತಿಸಬೇಡಿ, ವಿಭಕ್ತಿ ನೋಡಿ. ‘ಹಣ್ಣು ಸೀತೆ ತಿಂದಳು’ ಎಂಬಲ್ಲಿ ‘ಅನ್ನು’ ಇಲ್ಲ. ಆದರೂ ‘ತಿಂದಳು’ ಸೀತೆಗೆ ಮಾತ್ರ ಹೊಂದುತ್ತದೆ. ಲಿಂಗದ ಫೀಚರ್ ಇಲ್ಲೂ ಕೈಹಿಡಿಯುತ್ತದೆ.